ಟೋಕನ್ ಕೊಟ್ಟ ಬೆಕ್ಕಿನ ಮರಿ

ಆ ಮನುಷ್ಯನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯಬೇಕು ಅಂತ ನನಗೆ ಅನಿಸಿಯೂ ಇಲ್ಲ.

ಆತ ದೆಹಲಿಯ ದ್ವಾರಕಾದ ಸೊಸೈಟಿಯೊಂದರಲ್ಲಿದ್ದ ನಿವೃತ್ತ ಅಧಿಕಾರಿ. ನಾಲ್ಕನೇ ಮಹಡಿಯ ಫ್ಲ್ಯಾಟಿನಲ್ಲಿ ಪರ್ಷಿಯನ್ ಬೆಕ್ಕು ಸಾಕಿ, ಮರಿ ಹಾಕಿಸಿ ಮಾರುತ್ತಿದ್ದ. ನಾನು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕ್ಲರ್ಕು, ಕಿದ್ವಾಯಿ ನಗರದ ಕ್ವಾರ್ಟರ್ಸಿನಲ್ಲಿ ವಾಸ. ಹನ್ನೆರಡು ವರ್ಷದ ನನ್ನ ಮಗಳು ಎರಡು ವರ್ಷದಿಂದ ಹುಟ್ಟುಹಬ್ಬಕ್ಕೆ ಹೊಸ ಬಟ್ಟೆಯೂ ಬೇಡ, ಕೇಕೂ ಬೇಡ, ಬೆಕ್ಕು ಕೊಡಿಸು ಅಂತ ಹಟ ಹಿಡಿದಿದ್ದಳು. ಕೊನೆಗೆ ನಾನು ಸೋತೆ.

ಮೂರು ವಾರದ ಬೂದು ಬಣ್ಣದ ಮರಿಯೊಂದನ್ನು ಅವಳೇ ಆರಿಸಿದಳು. ಮುಂದಿನ ಒಂದು ಪಾದ ಮಾತ್ರ ಬೆಳ್ಳಗಿತ್ತು. ಮುಂಗಡವಾಗಿ ಎಂಟು ಸಾವಿರ ಟೋಕನ್ ಕೊಟ್ಟೆವು. ಮರಿ ತಾಯಿಯ ಹಾಲು ಬಿಡುವವರೆಗೆ ಅಲ್ಲೇ ಇರಬೇಕು, ಆಮೇಲೆ ಉಳಿದ ಹಣ ಕೊಟ್ಟು ಒಯ್ಯುವುದು ಅಂತ ಮಾತು. ಅವನು ಕೊಟ್ಟ ತಾರೀಕು ಪಿತೃಪಕ್ಷದಲ್ಲಿ ಬಿತ್ತು. ಪಕ್ಷದಲ್ಲಿ ನಮ್ಮ ಮನೆಗೆ ಒಂದು ಪೊರಕೆಯನ್ನೂ ತರುವುದಿಲ್ಲ, ಇನ್ನು ಹೊಸ ಜೀವ ತರುವುದುಂಟೇ? ಫೋನ್ ಮಾಡಿ, ನವರಾತ್ರಿಯ ಮೊದಲ ದಿನ ಬರುತ್ತೇವೆ ಸರ್ ಅಂದೆ.

"ಅಚ್ಛಾ, ಅಚ್ಛಾ ಮೇಡಂ ಜೀ. ಶ್ರಾದ್ಧದ ದಿನಗಳಲ್ಲಿ ನಾವೂ ಏನೂ ಕೊಳ್ಳಲ್ಲ. ನಿಮ್ಮ ಮರಿ ನಿಮ್ಮದೇ," ಅಂದ. ಬಾಯಲ್ಲಿ ಬೆಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ಫೈಲಿನಲ್ಲಿ ಟಿಪ್ಪಣಿ ಬರೆಯುವವಳು. ಕಾಗದದ ಮೇಲಿಲ್ಲದ್ದು ನಡೆದೇ ಇಲ್ಲ ಅಂತ ಹೊಸಬರಿಗೆಲ್ಲ ಪಾಠ ಹೇಳುವವಳು. ಅವತ್ತು ಒಂದು ಸಾಲು ಮೆಸೇಜ್ ಕೂಡ ಹಾಕಲಿಲ್ಲ. ಪಿತೃಗಳ ಹೆಸರೆತ್ತಿ ಆಡಿದ ಮಾತಿಗೆ ರಸೀದಿ ಕೇಳುವುದು ಹೇಗೆ ಅಂದುಕೊಂಡೆ.

ನವರಾತ್ರಿಯ ಮೊದಲ ದಿನ ಬುಟ್ಟಿ ಹಿಡಿದು ಹೋದೆವು. ಬುಟ್ಟಿಯಲ್ಲಿ ಮಗಳು ತನ್ನ ಹಳೆಯ ಸ್ವೆಟರ್ ಹಾಸಿದ್ದಳು. ಅವನು ಬಾಗಿಲನ್ನು ಅರ್ಧ ಮಾತ್ರ ತೆರೆದ.

"ಹೇಳಿದ ದಿನ ನೀವು ಬರಲಿಲ್ಲ. ಬೇರೆಯವರು ಒಯ್ದರು. ಟೋಕನ್ ವಾಪಸ್ ಇಲ್ಲ."

"ಫೋನಿನಲ್ಲಿ ನೀವೇ ಒಪ್ಪಿದ್ರಲ್ಲ ಸರ್?"

"ಬರಹದಲ್ಲಿ ಇದೆಯಾ?" ಅಂದ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಕ್ಲರ್ಕಿನ ಸಂಬಳಕ್ಕೆ ಪರ್ಷಿಯನ್ ಬೆಕ್ಕು ಯಾಕೆ ಬೇಕಿತ್ತು?" ಅಂತ ಸೇರಿಸಿದ.

ಮಗಳು ನನ್ನ ಹಿಂದೆಯೇ ನಿಂತಿದ್ದಳು. ಮೆಟ್ರೋದಲ್ಲಿ ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಎಂಟು ಸಾವಿರವನ್ನು ನಾನು ಮರೆಯುತ್ತಿದ್ದೆನೋ ಏನೋ. ಮಗಳ ಎದುರು ಆಡಿದ ಆ ಮಾತನ್ನು ಮಾತ್ರ ಬಿಡುವವಳಲ್ಲ.

"ಬಿಟ್ಟುಬಿಡೇ, ಬಡವನ ಕೋಪ ದವಡೆಗೆ ಮೂಲ," ಅಂದರು ನಮ್ಮ ಯಜಮಾನರು. ದವಡೆ ನನ್ನದು, ನೋವೂ ನನ್ನದು, ನೀವು ಸುಮ್ಮನಿರಿ ಅಂದೆ.

ಬರಹ ಬೇಕಂತೆ ಅವನಿಗೆ. ಕೊಟ್ಟೆ. ವಿಷಯ, ಉಲ್ಲೇಖ, ಸಂಖ್ಯೆ ಹಾಕಿದ ಪ್ಯಾರಾಗಳು, ಎಲ್ಲ ಕ್ರಮವಾಗಿ ಬರೆದು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ. ಉತ್ತರವಿಲ್ಲ. ತಿಂಗಳು ಬಿಟ್ಟು ಮೊದಲನೇ ಜ್ಞಾಪನ ಪತ್ರ. ಅದಕ್ಕೂ ಉತ್ತರವಿಲ್ಲ. ಎರಡನೆಯದರ ಕೊನೆಯಲ್ಲಿ ನನ್ನ ನಿಜವಾದ ಅಸ್ತ್ರ ಬಿಟ್ಟೆ: 'ಪ್ರತಿ, ಮಾಹಿತಿಗಾಗಿ'. ಒಂದು, ಸೊಸೈಟಿಯ ಸೆಕ್ರೆಟರಿ. ಎರಡು, ಪ್ರಾಣಿ ಮಾರಾಟಕ್ಕೆ ಲೈಸೆನ್ಸ್ ಕೊಡುವ ಕಚೇರಿ. ಮೂರು, ತೆರಿಗೆ ಇಲಾಖೆ. ಆ ಪ್ರತಿಗಳನ್ನು ನಾನು ಎಲ್ಲಿಗೂ ಕಳಿಸಿರಲಿಲ್ಲ. ಬದುಕೆಲ್ಲ ಫೈಲು ನೋಡಿದ ಅಧಿಕಾರಿಗೆ ಪತ್ರಕ್ಕಿಂತ ಅದರ ಅಡಿಯ ಪಟ್ಟಿಯೇ ಹೆಚ್ಚು ಹೆದರಿಕೆ ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತು?

ಮುಂದಿನ ಭಾನುವಾರ ಬೆಳಿಗ್ಗೆ ನಮ್ಮ ಮನೆಯ ಕಾಲಿಂಗ್ ಬೆಲ್ ಆಯಿತು. ಅವನೇ. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದ. ಕೈಯಲ್ಲಿ ಬುಟ್ಟಿ.

"ಬೇಟೀ, ಅದೇ ತಾಯಿಯ ಹೊಸ ಮರಿ. ಇನ್ನು ಒಂದು ಪೈಸೆಯೂ ಬೇಡ. ಇಟ್ಟುಕೊಂಡು ಆ ಪತ್ರಗಳನ್ನು ವಾಪಸ್ ತೆಗೆದುಕೊಂಡುಬಿಡು," ಅಂದ. ನಾನು ಮೇಡಂ ಜೀಯಿಂದ ಬೇಟಿಯಾಗಿದ್ದೆ.

ಅಷ್ಟರಲ್ಲಿ ಮಗಳು ಮರಿಯನ್ನು ಎತ್ತಿಕೊಂಡೇಬಿಟ್ಟಿದ್ದಳು. ಅದು ಅವಳ ಕುರ್ತಾಕ್ಕೆ ಉಗುರು ಸಿಕ್ಕಿಸಿಕೊಂಡು ಕುತ್ತಿಗೆಯ ಹತ್ತಿರ ಮೂಗು ತೂರಿಸುತ್ತಿತ್ತು. "ಅಮ್ಮಾ, ರಖ್ ಲೋ ನಾ, ಇಟ್ಟುಕೊಳ್ಳೋಣ. ಪ್ಲೀಸ್ ಅಮ್ಮಾ. ಇದೂ ಗ್ರೇ ಇದೆ, ದೇಖೋ."

ನಾನು ನೋಡಲಿಲ್ಲ. ನಾನು ನೋಡುತ್ತಿದ್ದದ್ದು ಅವನ ಮುಖವನ್ನು. ಬೆಕ್ಕು ಇಟ್ಟುಕೊಂಡರೆ ಇವನು ಉಪಕಾರ ಮಾಡಿದವನಾಗಿ ಮೆಟ್ಟಿಲಿಳಿಯುತ್ತಾನೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

"ಬೆಕ್ಕು ಬೇಡ. ದುಡ್ಡು ಬೇಕು. ಜೊತೆಗೆ ಕ್ಷಮೆ, ಬರಹದಲ್ಲಿ," ಅಂದೆ.

ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹಾಳೆ ಕೊಟ್ಟೆ. ನಾನು ಹೇಳಿದೆ, ಅವನು ಬರೆದ. ಒಂದು ಕಡೆ 'ಖೇದ' ಅಂತ ಬರೆದಿದ್ದ. ಹೊಡೆದುಹಾಕಿಸಿ 'ಕ್ಷಮೆ' ಅಂತ ಮಾಡಿಸಿದೆ. ಅಧಿಕಾರಿ ಬರೆದದ್ದನ್ನು ಕ್ಲರ್ಕು ತಿದ್ದುವ ಸುಖ ಎಷ್ಟೆಂದು ಹೇಳಲಿ! ಅವನು ಸಹಿ ಹಾಕಿ ತಾರೀಕು ಬರೆದ, ನನ್ನ ಫೋನಿಗೆ ಎಂಟು ಸಾವಿರ ಬಂತು. ಎದೆ ತಣ್ಣಗಾಯಿತು. ಇವತ್ತಿಗೂ ಆ ಹಾಳೆ ತೆಗೆದು ನೋಡಿದರೆ ತಣ್ಣಗಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಮಗಳು ಮರಿಯ ಉಗುರುಗಳನ್ನು ಕುರ್ತಾದಿಂದ ಒಂದೊಂದಾಗಿ ಬಿಡಿಸಿ, ಅದನ್ನು ತಾನೇ ಬುಟ್ಟಿಯಲ್ಲಿಟ್ಟು ಮುಚ್ಚಳ ಹಾಕಿದಳು. ಅಳಲಿಲ್ಲ.

ಒಂದು ವಾರ ಕಳೆದ ಮೇಲೆ, ದುಡ್ಡು ಇದೆಯಲ್ಲ ಪುಟ್ಟಾ, ಬೇರೆ ಕಡೆ ನೋಡಿ ಇನ್ನೂ ಚೆಂದದ ಬೆಕ್ಕು ತರೋಣ ಅಂದೆ. ಅವಳು ಎದ್ದು ಹೋಗಿ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು ತಂದು, ಪೆನ್ನಿನ ಜೊತೆ ನನ್ನ ಮುಂದಿಟ್ಟಳು.

"ಲಿಖ್ ಕೇ ದೋ, ಅಮ್ಮಾ. ಬರೆದು ಕೊಡು," ಅಂದಳು.