ನಂಗಲಿಯ ಅಂಗಡಿಗೆ ಬಂದು ಕುಳಿತ ನಸೀಮಕ್ಕ

ನಸೀಮಕ್ಕ ಮಾತ್ರೆಯ ಪಟ್ಟಿಯನ್ನು ಯಾರ ಕೈಗೂ ಸುಮ್ಮನೆ ಕೊಟ್ಟುಬಿಡುತ್ತಿರಲಿಲ್ಲ. ಒಂದು ತುದಿಯನ್ನು ಗಿರಾಕಿಯ ಕೈಗಿತ್ತು, ಇನ್ನೊಂದು ತುದಿಯನ್ನು ತಮ್ಮ ಬೆರಳುಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡೇ ಇರುತ್ತಿದ್ದರು. "ಹೆಂಗೆ ತಗೋತೀಯಾ, ಹೇಳು ನೋಡೋಣ." ಬೆಳಗ್ಗೆಯೋ ರಾತ್ರಿಯೋ, ಊಟಕ್ಕೆ ಮುಂಚೆಯೋ ಆಮೇಲೋ, ಎಷ್ಟು ದಿನವೋ, ಎಲ್ಲವನ್ನೂ ಅವನು ಒಪ್ಪಿಸಬೇಕು. ತಪ್ಪಿದರೆ ಪಟ್ಟಿ ಬಿಡುತ್ತಿರಲಿಲ್ಲ. ನಂಗಲಿಯ ಹೆದ್ದಾರಿ ಪಕ್ಕದ ಆ ಔಷಧಿ ಅಂಗಡಿಯಲ್ಲಿ, ಕೆಳಗೆ ಲಾರಿಯ ಇಂಜಿನ್ನು ಚಾಲೂ ಇಟ್ಟು ಬಂದ ಚಾಲಕನೊಬ್ಬನೂ ಬುರ್ಖಾದ ಮೇಲೆ ಬಿಳಿ ಕೋಟು ತೊಟ್ಟ ನಡುವಯಸ್ಸಿನ ಹೆಂಗಸೂ ಒಂದೇ ಮಾತ್ರೆ ಪಟ್ಟಿಯನ್ನು ಆಚೆಯಿಂದೀಚೆಗೆ ಎಳೆದಾಡುತ್ತಿದ್ದ ಚಿತ್ರ ನನ್ನ ಕಣ್ಣ ಮುಂದಿದೆ.

ಎಳೆದಾಡುತ್ತಿದ್ದರು ಎನ್ನುವುದು ನಾನು ಸೇರಿಸಿದ್ದೂ ಇರಬಹುದು. ಯೂನಿವರ್ಸಿಟಿಯಲ್ಲಿ ಸಮಾಜಶಾಸ್ತ್ರ ಓದಿ, ಮನುಷ್ಯನ ನೆನಪನ್ನು ನೆಚ್ಚಿಕೊಳ್ಳಬೇಡಿ ಎಂದು ನಂಗಲಿಯ ಕಾಲೇಜಿನ ಮಕ್ಕಳಿಗೆ ಪಾಠ ಮಾಡುತ್ತಿದ್ದವನು ನಾನು. ಹೇಳಿದಷ್ಟು ಸಲವೂ ಕತೆ ಚೂರು ಚೂರು ಅಂದವಾಗುತ್ತದೆ. ಆದರೆ ಹಿಡಿದುಕೊಂಡಿರುತ್ತಿದ್ದುದಂತೂ ನಿಜ. ನನ್ನ ಪಟ್ಟಿಯನ್ನೂ ಹಿಡಿದಿದ್ದರು.

ಮುಳಬಾಗಿಲಿನಲ್ಲಿ ನಮ್ಮ ಬೀದಿಯ ಕೊನೆಗೆ ಅವರ ಮನೆ. ಗಂಡ ಅನ್ವರ್ ಸಾಹೇಬರು ಹತ್ತಿ ಹಾಸಿಗೆ ಹೊಲಿಯುತ್ತಿದ್ದರು. ನಸೀಮಕ್ಕ ಮದುವೆಗೆ ಮುಂಚೆಯೇ ಕೋಲಾರದಲ್ಲಿ ಡಿ.ಫಾರ್ಮ ಮುಗಿಸಿದ್ದವರು. ಮದುವೆಯಾಯಿತು, ಮಕ್ಕಳಾದವು, ಅವರು ಮನೆಯಲ್ಲಿ ಉಳಿದರು. ಸರ್ಟಿಫಿಕೇಟು ಮಾತ್ರ ಕೆಲಸಕ್ಕೆ ಹೋಯಿತು. ನಂಗಲಿಯ ಚಲಪತಿಯವರು ಔಷಧಿ ಅಂಗಡಿ ತೆರೆದಾಗ, ಲೈಸೆನ್ಸಿಗೆ ಓದಿದ ಫಾರ್ಮಸಿಸ್ಟ್ ಒಬ್ಬರ ಹೆಸರು ಬೇಕಾಗಿತ್ತು. ಕಟ್ಟು ಹಾಕಿದ ಸರ್ಟಿಫಿಕೇಟನ್ನು ಅಂಗಡಿಯ ಗೋಡೆಗೆ ನೇತುಹಾಕುವುದು, ತಿಂಗಳಿಗಿಷ್ಟು ಎಂದು ಮನೆಗೆ ತಲುಪಿಸುವುದು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿದ್ದ ಪದ್ಧತಿ. ಮನೆ ಬಾಡಿಗೆಗೆ ಕೊಟ್ಟ ಹಾಗೆ. ಯಾರೂ ಇದನ್ನು ತಪ್ಪೆಂದು ತಿಳಿದಿರಲಿಲ್ಲ, ನಸೀಮಕ್ಕನೂ.

ಒಂದು ದಿನ ನಂಗಲಿಯಾಚೆಯ ಹಳ್ಳಿಯ ರೈತನೊಬ್ಬ ಅವರ ಮನೆ ಹುಡುಕಿಕೊಂಡು ಬಂದ. ಕೈಯಲ್ಲಿ ಎರಡು ಬಗೆಯ ಮಾತ್ರೆ. ಅವನ ತಾಯಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಮುದುಕಿ ಬೆವತು, ಕಣ್ಣು ಕತ್ತಲೆ ಬಂದು ರಾಗಿ ಹೊಲದ ಬದುವಿನ ಮೇಲೆ ಬಿದ್ದಿದ್ದಳು. ಹೇಗೋ ಉಳಿದಳು. ಯಾವ ಮಾತ್ರೆ ನಿಲ್ಲಿಸಬೇಕು ಎಂದು ಕೇಳಲು ಬಂದಿದ್ದ. ನಸೀಮಕ್ಕ ಎರಡನ್ನೂ ಬೆಳಕಿಗೆ ಹಿಡಿದು ನೋಡಿದರು. ಕಂಪನಿ ಬೇರೆ, ಹೆಸರು ಬೇರೆ, ಒಳಗಿನ ಔಷಧಿ ಒಂದೇ. ಅಂಗಡಿಯಲ್ಲಿ ಹಳೆಯದನ್ನೂ ಕೊಟ್ಟಿದ್ದರು, ಹೊಸದನ್ನೂ ಕೊಟ್ಟಿದ್ದರು.

"ನನ್ನ ಮನೆ ಹೆಂಗಪ್ಪಾ ಗೊತ್ತಾಯ್ತು?" ಎಂದು ಕೇಳಿದರಂತೆ.

"ಅಂಗಡಿ ಗೋಡೆ ಮೇಲೆ ನಿಮ್ ಹೆಸರೈತಲ್ಲಮ್ಮಾ. ನೀವೇ ಕೊಟ್ಟಿದ್ದು ಅಂದ್ಕೊಂಡು ವಿಚಾರಿಸ್ಕೊಂಡು ಬಂದೆ."

ಇದನ್ನು ನಸೀಮಕ್ಕ ನನಗೆ ಬಸ್ಸಿನಲ್ಲಿ ಹೇಳಿದ್ದು. ಹೇಳುವಾಗ ಕಿಟಕಿಯ ಕಡೆ ತಿರುಗಿದ್ದರು. "ಜಗಳಕ್ಕೆ ಬಂದಿದ್ರೆ ಬಾಗಿಲು ಹಾಕ್ಕೋತಿದ್ದೆ ಮೇಷ್ಟ್ರೇ. ಅವನು ಹೋಗೋವಾಗ ಕೈ ಮುಗಿದ. ನಾನು ಕೊಡದೇ ಇರೋ ಔಷಧಿಗೆ ನಂಗೆ ಕೈ ಮುಗಿದ."

ಹೆಚ್ಚುಕಡಿಮೆ ಅದೇ ಕಾಲಕ್ಕೆ ಔಷಧಿ ಅಂಗಡಿಗಳ ಮೇಲೆ ಕಾನೂನು ಬಿಗಿಯಾಗತೊಡಗಿತು. ಫಾರ್ಮಸಿಸ್ಟ್ ಖುದ್ದಾಗಿ ಅಂಗಡಿಯಲ್ಲಿರಬೇಕು, ಬಿಳಿ ಕೋಟು ತೊಟ್ಟು ಹೆಸರಿನ ಬಿಲ್ಲೆ ಹಾಕಿಕೊಂಡಿರಬೇಕು, ಅವರಿಲ್ಲದ ಹೊತ್ತಿನಲ್ಲಿ ಡಾಕ್ಟರ ಚೀಟಿಯ ಔಷಧಿ ಮಾರಕೂಡದು, ಆಂಟಿಬಯಾಟಿಕ್ಕುಗಳನ್ನು ಚೀಟಿ ಇಲ್ಲದೆ ಕೊಡಲೇಕೂಡದು. ಇವುಗಳಲ್ಲಿ ಬಹಳಷ್ಟು ಹಳೆಯ ಮಾತುಗಳೇ. ಈಗ ಬಂದು ಕೇಳುವವರು ಹುಟ್ಟಿಕೊಂಡಿದ್ದರು, ಅಷ್ಟೇ ವ್ಯತ್ಯಾಸ. ರೈತ ಬಂದದ್ದು ಮೊದಲೋ, ಕಾನೂನು ಬಂದದ್ದು ಮೊದಲೋ? ನಸೀಮಕ್ಕನ ಪ್ರಕಾರ ರೈತನೇ ಮೊದಲು. ಚಲಪತಿಯವರನ್ನು ಕೇಳಿದರೆ, "ಇನ್‌ಸ್ಪೆಕ್ಟರ್ ಬರ್ತಾರೆ ಅಂತ ನಾನೇ ಕರ್ಕೊಂಡ್ಬಂದೆ ಸಾರ್, ರೈತನೂ ಇಲ್ಲ ಗೀತನೂ ಇಲ್ಲ" ಎನ್ನುತ್ತಿದ್ದರು. ನನಗೆ ನಸೀಮಕ್ಕನ ಮಾತೇ ರುಚಿಸುತ್ತದೆ, ಆ ಕಾರಣಕ್ಕೇ ಅದರ ಮೇಲೆ ಅನುಮಾನವೂ ಇದೆ.

ಇಬ್ಬರೂ ಒಪ್ಪುವ ಸಂಗತಿ ಇಷ್ಟು. ತನಿಖೆ ಮುಗಿಯುವವರೆಗೆ ಒಂದು ವಾರ ಬಂದು ಕೂತಿರಮ್ಮಾ ಎಂದು ಚಲಪತಿ ಕೇಳಿಕೊಂಡರು. ನಸೀಮಕ್ಕ ಕೋಟು ಹೊಲಿಸಿಕೊಂಡು ಬಂದು ಕೂತರು. ವಾರ ಮುಗಿಯಿತು. ಸೋಮವಾರ ಬೆಳಗ್ಗೆ ಚಲಪತಿ ಬಾಗಿಲು ತೆರೆಯುವ ಹೊತ್ತಿಗೆ ಅವರು ಮೆಟ್ಟಿಲ ಮೇಲೆ ಟಿಫಿನ್ ಡಬ್ಬಿ ಇಟ್ಟುಕೊಂಡು ನಿಂತಿದ್ದರು.

ಅಲ್ಲಿಂದ ಮುಂದೆ ನಾವಿಬ್ಬರೂ ಒಂದೇ ಬಸ್ಸಿನವರು. ಮುಳಬಾಗಿಲಿನಿಂದ ನಂಗಲಿಯವರೆಗೂ ಅವರು ಔಷಧಿ ಡಬ್ಬಿಗಳೊಳಗೆ ಮಡಿಸಿಟ್ಟಿರುವ ತೆಳು ಕಾಗದಗಳನ್ನು ತೊಡೆಯ ಮೇಲೆ ಹರಡಿಕೊಂಡು ಓದುತ್ತಿದ್ದರು. ಇರುವೆ ಸಾಲಿನಂಥ ಅಕ್ಷರ. ಓದಿ ಬಹಳ ವರ್ಷವಾಗಿತ್ತು, ಆಮೇಲೆ ಬಂದ ಔಷಧಿಗಳೇ ಹೆಚ್ಚು. ಪರೀಕ್ಷೆ ಏನಾದರೂ ಇದೆಯಾ ಅಕ್ಕಾ ಎಂದು ಒಮ್ಮೆ ರೇಗಿಸಿದೆ. "ದಿನಾ ಇದೆ" ಎಂದರು, ತಲೆ ಎತ್ತದೆ.

ನಾನೂ ಆ ಪರೀಕ್ಷೆಯ ಎದುರು ನಿಂತೆ. ಗಂಟಲು ಕೆಟ್ಟಿತ್ತು, ಪಾಠ ಮಾಡಲಾಗುತ್ತಿರಲಿಲ್ಲ. ಜ್ವರದ ಮಾತ್ರೆ ಕೊಟ್ಟರು, ಪಟ್ಟಿ ಹಿಡಿದು ಒಪ್ಪಿಸಿಕೊಂಡರು. ನಾನು ಒಂದು ಆಂಟಿಬಯಾಟಿಕ್ಕಿನ ಹೆಸರು ಹೇಳಿ ಅದನ್ನೂ ಕೊಡಿ ಎಂದೆ.

"ಯಾರು ಬರ್ಕೊಟ್ರು?"

"ಯಾರೂ ಇಲ್ಲಕ್ಕಾ. ಹೋದ ಸಲ ಅದರಲ್ಲೇ ವಾಸಿಯಾಯ್ತು."

"ಹೋದ ಸಲ ಈ ಸ್ವೆಟ್ಟರೂ ಹಾಕ್ಕೊಂಡಿದ್ರಲ್ಲ. ಅದರಿಂದ್ಲೇ ವಾಸಿಯಾಯ್ತು ಅಂತ ಯಾಕನ್ನಲ್ಲ?"

ಹಿಂದೆ ನಿಂತಿದ್ದ ಹಾಲಿನ ಡೈರಿಯವನು ನಕ್ಕ. ನಾನೂ ಬಿಡಲಿಲ್ಲ. ಪೇಟೆಯ ದೊಡ್ಡ ಅಂಗಡಿಗಳಲ್ಲಿ ಕೇಳಿದ್ದನ್ನು ಕೇಳಿದ ಹಾಗೆ ಕೊಡುತ್ತಾರೆ, ಫೋನಿನಲ್ಲಿ ಒತ್ತಿದರೆ ಔಷಧಿ ಮನೆಗೇ ಬರುತ್ತದೆ, ನೀವೊಬ್ಬರು ನಂಗಲಿಯಲ್ಲಿ ತಡೆದರೆ ದೇಶದಲ್ಲಿ ಏನು ತಡೆದ ಹಾಗಾಯಿತು ಎಂದು ವಾದ ಹೂಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. "ನಂಗಲಿಯಲ್ಲಿ ತಡೆದ ಹಾಗಾಯ್ತು" ಎಂದರು. ಡಾಕ್ಟರು ಎರಡು ಬಾಗಿಲಾಚೆ ಇದ್ದಾರೆ, ತೋರಿಸಿ ಬನ್ನಿ ಎಂದು ಕಳಿಸಿದರು. ಗಂಟಲು ವಾಸಿಯಾಯಿತು. ಹೇಗೆ ಎಂದು ಮಾತ್ರ ಖಚಿತವಾಗಿ ಹೇಳಲಾರೆ.

ಚಲಪತಿಯವರಿಗೆ ಇದು ಸಂಕಟವಾಗಿತ್ತು. ಅವರು ಕೆಟ್ಟವರಲ್ಲ. ಮಳೆಯಲ್ಲೂ ಸ್ಕೂಟರಿನಲ್ಲಿ ಹಳ್ಳಿಗಳಿಗೆ ಔಷಧಿ ತಲುಪಿಸುತ್ತಿದ್ದ ಮನುಷ್ಯ. ಆದರೆ ಲಾರಿಯವರು ರಾಜ್ಯದ ಗಡಿ ದಾಟಿ ಮುಂದಿನ ಅಂಗಡಿಗೆ ಹೋಗತೊಡಗಿದ್ದರು. ನಸೀಮಕ್ಕ ಹೊರಗೆ ಹೋಗುವಾಗಲೆಲ್ಲ ಚೀಟಿ ಔಷಧಿಗಳ ಬೀರುವಿಗೆ ಬೀಗ ಹಾಕಿ, ಫಾರ್ಮಸಿಸ್ಟ್ ಇಲ್ಲ ಎಂಬ ಹಲಗೆ ತಿರುಗಿಸಿಟ್ಟು ಹೋಗುತ್ತಿದ್ದರು. "ಅಂಗಡಿ ನಂದಾ, ಅವಮ್ಮಂದಾ ಸಾರ್?" ಎಂದು ಚಲಪತಿ ಒಮ್ಮೆ ನನ್ನನ್ನು ಪಂಚಾಯಿತಿಗೆ ಕರೆದಿದ್ದುಂಟು.

ಶ್ರೀನಿವಾಸಪುರದಲ್ಲಿ ತಂಗಿಯ ಮಗಳ ಮದುವೆಗೆಂದು ನಸೀಮಕ್ಕ ಎರಡು ದಿನ ರಜೆ ಹಾಕಿದರು. ಬೀಗ ಹಾಕಿಯೇ ಹೋದರು. ಅವರು ವಾಪಸ್ಸು ಬಂದ ಬೆಳಗ್ಗೆ, ಕಾಲೇಜಿಗೆ ಇನ್ನೂ ಹೊತ್ತಿತ್ತೆಂದು, ನಾನು ಅಂಗಡಿಯ ಮುಂದೆ ಪೇಪರ್ ಓದುತ್ತ ನಿಂತಿದ್ದೆ. ಮಗುವನ್ನು ಸೊಂಟದಲ್ಲಿ ಎತ್ತಿಕೊಂಡ ಹೆಂಗಸೊಬ್ಬಳು ಬಂದಳು. ಹಿಂದಿನ ದಿನ ಇಲ್ಲೇ ಕೊಂಡ ಆಂಟಿಬಯಾಟಿಕ್ ಸೀಸೆಯನ್ನೂ ಬಿಲ್ಲನ್ನೂ ಮುಂದಿಟ್ಟು, ಇದರಲ್ಲಿ ನೀರು ಎಲ್ಲಿಯವರೆಗೆ ಬೆರೆಸಬೇಕು, ಎಷ್ಟು ಕುಡಿಸಬೇಕು, ಯಾರೂ ಹೇಳಲಿಲ್ಲ ಎಂದಳು. ಡಾಕ್ಟರಿಗೆ ತೋರಿಸಿಯೇ ಇರಲಿಲ್ಲ. ಬಿಲ್ಲಿನ ಕೆಳಗೆ ಫಾರ್ಮಸಿಸ್ಟ್ ನಸೀಮಾ ಎಂದು ಅಚ್ಚಾಗಿತ್ತು. ಬೀರುವಿನ ಬೀಗಕ್ಕೆ ಚಲಪತಿಯವರ ಹತ್ತಿರ ಇನ್ನೊಂದು ಕೀ ಇತ್ತು.

ನಸೀಮಕ್ಕ ಮೊದಲು ಮಗುವಿನ ಹಣೆ ಮುಟ್ಟಿ ನೋಡಿದರು. ಸೀಸೆಯನ್ನು ತೆಗೆದಿಟ್ಟುಕೊಂಡು, ದುಡ್ಡು ವಾಪಸ್ಸು ಕೊಡಿಸಿ, ತಾವೇ ಅವಳನ್ನು ಡಾಕ್ಟರ ಬಾಗಿಲವರೆಗೆ ಬಿಟ್ಟು ಬಂದರು. ಆಮೇಲೆ ಚಲಪತಿಯವರ ಎದುರು ನಿಂತರು.

"ಚೂಡಮ್ಮಾ, ನೋಡಮ್ಮಾ," ಎಂದರು ಚಲಪತಿ ತೆಲುಗು ಬೆರೆಸಿ, "ಮಗು ಅಳ್ತಿತ್ತು, ಕೊಟ್ಟೆ. ನಿನ್ ಹೆಸರು ಇರೋದೇ ಅದಕ್ಕಲ್ವಾ?"

"ಹೆಸರು ನನ್ ಜೊತೆ ಮದುವೆಗೆ ಬಂದಿತ್ತಣ್ಣಾ."

ಚಲಪತಿ ನನ್ನ ಕಡೆ ನೋಡಿದರು. ನಾನು ಪೇಪರ್ ನೋಡಿದೆ.

"ನಾನಿಲ್ಲದ ದಿನ ನನ್ನ ಹೆಸರಲ್ಲಿ ಬಿಲ್ ಹಾಕಲ್ಲ ಅನ್ನಿ," ಎಂದರು ನಸೀಮಕ್ಕ, "ಕೋಟು ಹಾಕ್ಕೊಂಡು ಕೂತ್ಕೋತೀನಿ. ಇಲ್ಲ ಅಂದ್ರೆ ನನ್ನ ಹೆಸರು ತೆಗೀರಿ ಅಂತ ಇವತ್ತೇ ಇನ್‌ಸ್ಪೆಕ್ಟರ್ ಆಫೀಸಿಗೆ ಬರೆದು ಕಳಿಸ್ತೀನಿ."

"ಬರಿ. ಮಾಲೂರಲ್ಲಿ ಒಂದ್ ಹುಡುಗಿ ಇದಾಳೆ, ಈಗಷ್ಟೇ ಓದ್ ಮುಗಿಸವಳೆ. ಅವಳ ಅಪ್ಪ ಕೊಡ್ತೀನಿ ಅಂದವ್ರೆ. ಸರ್ಟಿಫಿಕೇಟಿಗೇನ್ ಬರವಾ?"

ನಸೀಮಕ್ಕ ಆ ಕೆಲಸವನ್ನು ಎಷ್ಟು ಹಚ್ಚಿಕೊಂಡಿದ್ದರೆಂದು ಬಸ್ಸಿನಲ್ಲಿ ದಿನವೂ ನೋಡಿದವನು ನಾನು. ಆದರೂ ಸ್ಟೂಲು ಎಳೆದರು. ನಾನು ಅದನ್ನು ಹಿಡಿದುಕೊಂಡೆ. ಮೇಲೆ ಹತ್ತಿ, ಗೋಡೆಯ ಮೇಲಿದ್ದ ಸರ್ಟಿಫಿಕೇಟನ್ನು ಇಳಿಸಿ, ಗಾಜಿನ ಧೂಳನ್ನು ಕೋಟಿನ ತೋಳಿನಿಂದ ಒರೆಸಿದರು. ಸಂಜೆಯೊಳಗೆ ರಾಜೀನಾಮೆ ಆಫೀಸು ಸೇರಿತ್ತು. ಹೊಸ ಹೆಸರು ಮಂಜೂರಾಗುವವರೆಗೆ ಅಂಗಡಿಯ ಬಾಗಿಲು ಮುಚ್ಚಿತ್ತು.

ಕೊನೆಯ ಸಲ ಅವರನ್ನು ನೋಡಿದ್ದು ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ, ಮಾಲೂರು ಬಸ್ಸಿನ ಬಾಗಿಲಲ್ಲಿ. ಮಾಲೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದೆ, ಸಾಹೇಬರೂ ಹಾಸಿಗೆ ಅಂಗಡಿಯನ್ನು ಅಲ್ಲಿಗೇ ಎತ್ತುತ್ತಿದ್ದಾರೆ ಎಂದರು. ನನಗೆ ಸುಮ್ಮನಿರಲಾಗಲಿಲ್ಲ. ನಂಗಲಿಯಲ್ಲಿ ಬೇರೆ ಹೆಸರು ನೇತಾಡುತ್ತಿದೆಯಲ್ಲ ಅಕ್ಕಾ, ನೀವು ಬಿಟ್ಟಿದ್ದರಿಂದ ಏನು ಬದಲಾಯಿತು ಎಂದು ಕೇಳಿಬಿಟ್ಟೆ.

"ಆ ಹುಡುಗಿ ಮನೆ ಹುಡುಕ್ತಾ ಇದೀನಿ" ಎಂದರು. "ಊರು ಗೊತ್ತು, ಹೆಸರು ಗೊತ್ತು. ಸಿಗದೆ ಎಲ್ಲಿ ಹೋಗ್ತಾಳೆ?"

"ಸಿಕ್ಕಿದ್ರೆ ಏನಂತೀರಾ?"

"ಹೋಗಿ ಕೂತ್ಕೋ ಅಂತೀನಿ."

ಬಸ್ಸು ಹೊರಟಿತು. ಕಿಟಕಿಯಿಂದ ಕೈ ಬೀಸಿದರೋ ಇಲ್ಲವೋ, ನೆನಪಿಲ್ಲ. ಬೀಸಿದರು ಎಂದು ಬರೆಯಲು ಆಸೆ, ಬರೆಯುವುದಿಲ್ಲ.

ಕೆಲವು ತಿಂಗಳ ಮೇಲೆ ನಂಗಲಿಯ ಆ ಅಂಗಡಿಗೆ ಹೋದೆ. ಕೌಂಟರಿನ ಹಿಂದೆ ಬಿಳಿ ಕೋಟಿನ ಚಿಕ್ಕ ಹುಡುಗಿ. ಬಿಲ್ಲೆಯ ಮೇಲಿನ ಹೆಸರೂ ಗೋಡೆಯ ಮೇಲಿನ ಹೆಸರೂ ಒಂದೇ. ಮಾಲೂರಿನಿಂದ ಬಂದು ಇಲ್ಲೇ ಚಿಕ್ಕಮ್ಮನ ಮನೆಯಲ್ಲಿದ್ದೇನೆ ಎಂದಳು. ಯಾರಾದರೂ ನಿಮ್ಮ ಮನೆಗೆ ಬಂದಿದ್ದರಾ ಎಂದು ಕೇಳಿದೆ.

"ಒಬ್ಬರು ಆಂಟಿ ಬಂದು ನಮ್ಮಪ್ಪನ ಹತ್ರ ದೊಡ್ಡ ಜಗಳ ಆಡಿದ್ರು ಸರ್. ಅದೇ ವಾರ ಆಫೀಸಿಂದ್ಲೂ ಫೋನ್ ಬಂತು, ಅಂಗಡೀಲಿ ಯಾಕಿಲ್ಲ ಅಂತ. ಯಾವುದಕ್ಕೆ ಹೊರಟೆ ಅಂತ ಕೇಳಿದ್ರೆ ನಂಗೂ ಗೊತ್ತಿಲ್ಲ."

ಇನ್ನೂ ಕೇಳುವುದಿತ್ತು. ಆದರೆ ನನ್ನ ಹಿಂದೆ ಒಬ್ಬ ಲಾರಿ ಚಾಲಕ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದ. ಸ್ವಲ್ಪ ಪಕ್ಕಕ್ಕೆ ಬನ್ನಿ ಸರ್ ಎಂದಳು ಹುಡುಗಿ. ನಾನು ಪಕ್ಕಕ್ಕೆ ಸರಿದೆ.