ಕೇಂದ್ರ ಬ್ಯಾಂಕಿನ ಪತ್ರದಲ್ಲಿ ನನ್ನ ತಪ್ಪು

ಭಾವ ನನ್ನೊಡನೆ ಕನ್ನಡದಲ್ಲಿ ಮಾತು ಶುರುಮಾಡಿದ ಕೂಡಲೇ ಏನೋ ಸರಿಯಿಲ್ಲ ಅನಿಸಿತು. ನಮ್ಮ ಮನೆಗಳಲ್ಲಿ ಆಡುವುದು ತುಳು. ಅಕ್ಕನನ್ನು ಮದುವೆಯಾದ ಮೂವತ್ತು ವರ್ಷಗಳಲ್ಲಿ ಅವರು ನನ್ನನ್ನು ತಮಾಷೆ ಮಾಡಿದ್ದು, ಬೈದದ್ದು, ಊಟಕ್ಕೆ ಕರೆದದ್ದು ಎಲ್ಲ ತುಳುವಿನಲ್ಲೇ. ಮಡಂತ್ಯಾರಿನಲ್ಲಿ ರಬ್ಬರ್ ಶೀಟ್ ಕೊಳ್ಳುವ ಅಂಗಡಿ ಅವರದು. ಅವರ ಬಾಯಲ್ಲಿ ಕನ್ನಡ ಬರುವುದು ಬ್ಯಾಂಕಿನವರ ಎದುರು, ತಾಲೂಕು ಕಚೇರಿಯಲ್ಲಿ, ಇಲ್ಲವೇ ಯಾರಿಗಾದರೂ ಏನನ್ನಾದರೂ ನಂಬಿಸಬೇಕಾದಾಗ.

ಆ ಶನಿವಾರ ಬೆಳಗ್ಗೆ ಬೆಳುವಾಯಿಯ ನಮ್ಮ ಮನೆಗೆ ಬಂದವರು ಚಪ್ಪಲಿ ಬಿಡುವ ಮೊದಲೇ ಒಂದು ಪ್ಲಾಸ್ಟಿಕ್ ಫೈಲನ್ನು ನನ್ನ ಕೈಗೆ ಕೊಟ್ಟರು.

"ಇದನ್ನೊಮ್ಮೆ ನೋಡು. ಅಧಿಕೃತ ಪತ್ರ. ಕೇಂದ್ರ ಬ್ಯಾಂಕಿಂದಲೇ ಬಂದದ್ದು."

"ನಿಮಗೆ ಬಂದದ್ದಾ ಭಾವ?"

"ನನಗೆ ಅಂತ ಅಲ್ಲ. ನಮ್ಮ ಗುಂಪಿಗೆ."

ಯಾವ ಗುಂಪು ಎಂದು ಕೇಳಿದೆ. ಅವರು ಅಡುಗೆಮನೆಯ ಕಡೆ ನೋಡಿ "ಚಾ ಉಂಟಾ?" ಎಂದರು.

ನಾನು ಮೂಡುಬಿದಿರೆಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿ ನಿವೃತ್ತಳಾದವಳು. ಬ್ಯಾಂಕು, ಬಡ್ಡಿ, ಬಜೆಟ್ ಏನಿದ್ದರೂ ನೆಂಟರಿಷ್ಟರು ನನ್ನಲ್ಲಿಗೆ ತರುತ್ತಾರೆ. ಹಾಗಾಗಿ ಪತ್ರ ತಂದದ್ದು ಹೊಸತಲ್ಲ. ಆದರೆ ನಾನು ಓದುವಾಗ ಭಾವ ನನ್ನ ಮುಖವನ್ನೇ ನೋಡುತ್ತಿದ್ದ ರೀತಿ ಹೊಸತು.

ಏಳು ಪುಟಗಳ ಪತ್ರ. ಮೇಲೆ ಲಾಂಛನ, ಕೊನೆಯಲ್ಲಿ ಮೂರು ಸೀಲು, ಓದಲಾಗದ ಎರಡು ಸಹಿ. ಕರಾವಳಿಯ ಒಂದು ಹಳೆಯ ಮನೆತನದ ತಾಮ್ರದ ಕೊಡದಲ್ಲಿ ಅಪರೂಪದ ಲೋಹ ಸಿಕ್ಕಿದೆಯಂತೆ. ಅದನ್ನು ವಿದೇಶದ ಕಂಪನಿಯೊಂದು ಕೊಂಡಿದೆಯಂತೆ. ಬಂದ ಡಾಲರುಗಳೆಲ್ಲ ದೇಶದ ಕೇಂದ್ರ ಬ್ಯಾಂಕಿನಲ್ಲಿವೆ. ಒಮ್ಮೆಲೇ ಬಿಟ್ಟರೆ ಜಗತ್ತಿನ ಮಾರುಕಟ್ಟೆಗಳೇ ಅಲುಗಾಡುವುದರಿಂದ ಕಂತಿನಲ್ಲಿ ಬಿಡುತ್ತಾರೆ. ಈಗ ಆ ಫೈಲನ್ನು ಕಚೇರಿಗಳಲ್ಲಿ ಮುಂದೆ ಸಾಗಿಸುವ ಖರ್ಚಿಗೆ ಹಣ ಕೊಟ್ಟವರಿಗೆ ಅದರಲ್ಲಿ ಪಾಲು. ಇಷ್ಟು ಹೇಳಲಿಕ್ಕೆ ಎರಡು ಪುಟ. ಉಳಿದ ಐದು ಪುಟ ಕೇಂದ್ರ ಬ್ಯಾಂಕಿನ ಚರಿತ್ರೆ.

ಆ ಚರಿತ್ರೆ ಚೆನ್ನಾಗಿತ್ತು. ಬ್ರಿಟಿಷರ ಕಾಲದಲ್ಲಿ ಖಾಸಗಿ ಷೇರುದಾರರ ಬ್ಯಾಂಕಾಗಿ ಹುಟ್ಟಿ ಸ್ವಾತಂತ್ರ್ಯದ ನಂತರ ಸರಕಾರದ್ದಾದದ್ದು, ಬರ್ಮಾಕ್ಕೂ ಕೆಲವು ಕಾಲ ಇದೇ ಬ್ಯಾಂಕ್ ನೋಟು ಒದಗಿಸಿದ್ದು, ಕೊಲ್ಲಿಯ ನಾಡುಗಳಲ್ಲಿ ಚಲಾವಣೆಗೆಂದೇ ಬೇರೆ ಬಣ್ಣದ ರೂಪಾಯಿ ಅಚ್ಚು ಹಾಕಿದ್ದು, ವಿದೇಶಿ ಹಣ ಬರಿದಾದ ವರ್ಷ ಚಿನ್ನವನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸಿ ಅಡವಿಟ್ಟದ್ದು, ಎಲ್ಲ ಇತ್ತು. ಎಲ್ಲವೂ ನಿಜ. ಸುಳ್ಳು ಪತ್ರದಲ್ಲಿ ಇಷ್ಟು ನಿಜ ಯಾಕೆ ತುಂಬಿದ್ದಾರೆ ಎಂದು ಯೋಚಿಸುತ್ತ ನಾಲ್ಕನೆಯ ಪುಟಕ್ಕೆ ಬಂದಾಗ ಈ ವಾಕ್ಯ ಸಿಕ್ಕಿತು: "ಅಮೆರಿಕದ ಕೇಂದ್ರ ಬ್ಯಾಂಕ್ ಬಡ್ಡಿ ಏರಿಸಿದ ವಾರವೇ ರಬ್ಬರಿನ ದರ ಯಾಕೆ ಅಲುಗಾಡುತ್ತದೆ ಎಂಬುದನ್ನು ಬೆಳ್ತಂಗಡಿಯ ರೈತನೂ ತಿಳಿದಿರಬೇಕು."

ದೇಶದ ಕೇಂದ್ರ ಬ್ಯಾಂಕಿಗೆ ಬೆಳ್ತಂಗಡಿಯ ರೈತನ ಚಿಂತೆ ಎಲ್ಲಿಂದ ಬಂತು? ಅದು ನನ್ನ ವಾಕ್ಯ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆಂದು ಒಂದು ಬೇಸಗೆ ರಜೆಯಲ್ಲಿ ಕೂತು ನಾನು ಬರೆದ ನೋಟ್ಸಿನದು.

ಕೆಳಗೆ ಇನ್ನೊಂದಿತ್ತು. ಬ್ಯಾಂಕಿನ ಕೇಂದ್ರ ಕಚೇರಿ ಮೊದಲು ಬೊಂಬಾಯಿಯಲ್ಲಿತ್ತು, ಆಮೇಲೆ ಕಲ್ಕತ್ತೆಗೆ ಹೋಯಿತು ಎಂದು. ಆದದ್ದು ಇದರ ತಿರುಗಾಮುರುಗ. ಬರೆಯುವಾಗ ಊರುಗಳನ್ನು ಅದಲುಬದಲು ಮಾಡಿದ್ದೆ. ಹಲವು ವರ್ಷ ಹಾಗೆಯೇ ಜೆರಾಕ್ಸ್ ಆಗಿ ಹಂಚಿಹೋದ ಮೇಲೆ ವಿದ್ಯಾರ್ಥಿನಿಯೊಬ್ಬಳು ತೋರಿಸಿಕೊಟ್ಟಿದ್ದಳು.

"ಭಾವ, ಇದು ಕಳ್ಳಪತ್ರ. ಇದರಲ್ಲಿರುವುದು ನನ್ನ ನೋಟ್ಸ್. ನನ್ನ ತಪ್ಪೂ ಹಾಗೆಯೇ ಉಂಟು. ಬ್ಯಾಂಕಿನವರಿಗೆ ತಮ್ಮ ಮೊದಲ ಕಚೇರಿ ಎಲ್ಲಿತ್ತು ಅಂತ ಗೊತ್ತಿರ್ಲಿಕ್ಕಿಲ್ವಾ?"

ಅವರು ಪತ್ರವನ್ನು ನನ್ನ ಕೈಯಿಂದ ತೆಗೆದುಕೊಂಡರು. "ನೀನು ಎಲ್ಲದಕ್ಕೂ ಸಂಶಯ ಪಡುವವಳು. ಒಂದು ಊರಿನ ಹೆಸರು ಆಚೆ ಈಚೆ ಆದರೆ ಎಂತ ಆಯಿತು?" ಎಂದು ಫೈಲು ಮಡಚಿದರು. ಚಾ ಅರ್ಧ ಉಳಿದಿತ್ತು.

ಅವರು ಹೋದ ಮೇಲೆ ನನ್ನ ತಲೆ ಪತ್ರ ಸುಳ್ಳೋ ನಿಜವೋ ಎನ್ನುವುದನ್ನು ಬಿಟ್ಟು, ನನ್ನ ನೋಟ್ಸನ್ನು ಅವರಿಗೆ ಕೊಟ್ಟವರು ಯಾರು ಎನ್ನುವುದರ ಹಿಂದೆ ಓಡತೊಡಗಿತು. ಮರುದಿನವೇ ಮೂಡುಬಿದಿರೆಯ ಜೆರಾಕ್ಸ್ ಅಂಗಡಿಗೆ ಹೋದೆ. ಇಪ್ಪತ್ತು ವರ್ಷ ನನ್ನ ನೋಟ್ಸ್ ಪ್ರತಿ ಮಾಡಿದವರು ಆ ಅಂಗಡಿಯವರು. ಬೇರೆ ಯಾರಾದರೂ ಕೇಳಿ ಒಯ್ದಿದ್ದಾರಾ ಎಂದೆ. "ಟೀಚರ್, ನಾನು ನಿಮ್ಮ ಕಾಗದ ಮಾರಿದೆ ಅಂತಲಾ ನೀವು ಹೇಳುವುದು?" ಎಂದು ಅವರು ಮೆಷಿನಿನ ಮುಚ್ಚಳ ಹಾಕಿಬಿಟ್ಟರು.

ಆಮೇಲೆ ಮಾಡಿದ್ದು ಇನ್ನೂ ಕೆಟ್ಟದ್ದು. ಆ ತಪ್ಪನ್ನು ತೋರಿಸಿಕೊಟ್ಟ ವಿದ್ಯಾರ್ಥಿನಿ ಈಗ ಬೆಳ್ತಂಗಡಿಯ ಸಹಕಾರ ಸಂಘವೊಂದರಲ್ಲಿ ಕೆಲಸದಲ್ಲಿದ್ದಾಳೆ. ಹಣಕಾಸಿನವರ ಒಡನಾಟ ಇರುವವಳು ಎಂದರೆ ಅವಳೇ ಎಂದು ನನ್ನ ಲೆಕ್ಕ. ಫೋನ್ ಮಾಡಿ, ಕುಶಲ ಕೇಳಿ, ನನ್ನ ನೋಟ್ಸನ್ನು ಯಾರಿಗಾದರೂ ಕೊಟ್ಟಿದ್ದೀಯಾ ಎಂದು ಕೇಳಿದೆ. ಯಾಕೆ ಎಂದಳು. ಹೇಳಿದೆ.

"ನನ್ನ ಹತ್ರ ಇದ್ದದ್ದರಲ್ಲಿ ನಾನು ಆ ತಪ್ಪು ತಿದ್ದಿದ್ದೇನಲ್ಲ ಮೇಡಂ," ಎಂದಷ್ಟೇ ಹೇಳಿ ಫೋನಿಟ್ಟಳು.

ಅಷ್ಟು ಸುಲಭದ ತರ್ಕ ನನಗೆ ಹೊಳೆದಿರಲಿಲ್ಲ.

ವಾರ ಕಳೆದು ಅಕ್ಕ ಫೋನ್ ಮಾಡಿದಳು. "ಇವರು ಬಿ.ಸಿ. ರೋಡಿನಲ್ಲಿ ಎಂತದೋ ಮೀಟಿಂಗ್ ಉಂಟು ಅಂತ ಇಸ್ತ್ರಿ ಹಾಕಿದ ಅಂಗಿ ತೆಗೆದಿಟ್ಟಿದ್ದಾರೆ. ಅಂಗಡಿಗೆ ಸರಿ ಹೋಗುವುದಿಲ್ಲ. ಕೇಳಿದರೆ ಸಿಟ್ಟು. ನೀನು ಒಮ್ಮೆ ಹೋಗ್ತೀಯಾ ಮಾರಾಯ್ತಿ? ನನಗೆ ಹೆದರಿಕೆ ಆಗ್ತದೆ."

ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಬಂಟ್ವಾಳ ದಾಟಿ ಬಿ.ಸಿ. ರೋಡಿಗೆ ಹೋದೆ. ಮದುವೆ ಹಾಲ್ ಒಂದರ ಮೇಲಿನ ಮಾಳಿಗೆಯಲ್ಲಿ ಸುಮಾರು ಅರುವತ್ತು ಜನ. ಹೆಚ್ಚಿನವರು ನನ್ನ ವಯಸ್ಸಿನವರು. ರಬ್ಬರು, ಅಡಿಕೆ ಇರುವವರು, ನಿವೃತ್ತ ಮಾಸ್ತರುಗಳು, ಇಬ್ಬರು ಮೂವರು ಹೆಂಗಸರು. ಭಾವ ಬಾಗಿಲಲ್ಲಿ ನಿಂತು ಎಲ್ಲರ ಹೆಸರು ಬರೆದುಕೊಳ್ಳುತ್ತಿದ್ದರು. ನನ್ನನ್ನು ಕಂಡು ಅವರ ಮುಖ ಬಿಳುಚಿತು. ಕೇಳಲಿಕ್ಕೆ ಬಂದವರು ಬಾಗಿಲಲ್ಲಿ ನಿಂತು ಬೇರೆಯವರ ಹೆಸರು ಬರೆದುಕೊಳ್ಳುವುದಿಲ್ಲ. ನಾನು ಹಿಂದಿನ ಸಾಲಿನಲ್ಲಿ ಕೂತೆ.

ವೇದಿಕೆಯ ಮೇಲಿದ್ದಾತ ಕೋಟು ತೊಟ್ಟ, ಮೆಲುದನಿಯ ಮನುಷ್ಯ. ಅವಸರವಿಲ್ಲದೆ, ಮೇಷ್ಟರ ಹಾಗೆ, ಕೊಲ್ಲಿಯ ರೂಪಾಯಿಯ ಕತೆ ಹೇಳಿದ. ಅಡವಿಟ್ಟ ಚಿನ್ನದ ಕತೆ ಹೇಳಿದ. "ಅಷ್ಟು ದೊಡ್ಡ ದೇಶ ಚಿನ್ನ ಅಡವಿಟ್ಟಿದ್ದನ್ನು ಆವತ್ತು ನಮಗೆ ಮೊದಲೇ ಹೇಳಿದ್ರಾ? ಇಲ್ಲ. ಯಾಕೆ? ಹೇಳಿದ್ರೆ ಪ್ರಪಂಚದ ಮಾರುಕಟ್ಟೆ ನಮ್ಮ ರೂಪಾಯಿಯನ್ನು ನುಂಗ್ತಿತ್ತು. ಈಗಲೂ ಹಾಗೆಯೇ. ಇದು ಗುಟ್ಟಿನಲ್ಲೇ ಆಗ್ಬೇಕಾದ ಕೆಲಸ." ಜನ ತಲೆಯಾಡಿಸಿದರು. ಅವರನ್ನು ನಾನು ದೂರುವುದಿಲ್ಲ. ತಾವು ಕಾಣದ ಊರಲ್ಲಿ ಯಾರೋ ತೀರ್ಮಾನ ಮಾಡಿ ತಮ್ಮ ರಬ್ಬರಿನ ದರ ಇಳಿಯುವುದನ್ನು ವರ್ಷಗಟ್ಟಲೆ ನೋಡಿದವರು. ಎಲ್ಲೋ ಒಂದು ಗುಟ್ಟು ಉಂಟು ಎಂದು ಅವರಿಗೆ ಮೊದಲೇ ಅನುಮಾನ ಇತ್ತು; ಈತ ಆ ಅನುಮಾನಕ್ಕೆ ತನ್ನ ಕತೆಯನ್ನು ಜೋಡಿಸಿದ.

ನಾನು ಎದ್ದು ನಿಂತೆ. "ಒಂದು ಪ್ರಶ್ನೆ. ಕೇಂದ್ರ ಬ್ಯಾಂಕಿನ ಮೊದಲ ಕೇಂದ್ರ ಕಚೇರಿ ಎಲ್ಲಿತ್ತು?"

"ಬೊಂಬಾಯಿಯಲ್ಲಿ, ಮೇಡಂ. ಆಮೇಲೆ ಕಲ್ಕತ್ತೆ."

"ತಪ್ಪು. ಅದು ನನ್ನ ನೋಟ್ಸಿನ ತಪ್ಪು. ನೀವು ಅಲ್ಲಿಂದ ಕದ್ದಿದ್ದೀರಿ."

ಅವನು ಗಾಬರಿಯಾಗುತ್ತಾನೆ ಎಂದುಕೊಂಡಿದ್ದೆ. ಅವನು ಕೈ ಮುಗಿದ. ಸಭೆಯ ಕಡೆ ತಿರುಗಿ ನಗುತ್ತ, "ನಮ್ಮ ದಾಖಲೆಯ ಚರಿತ್ರೆಯ ಭಾಗ ಬರೆದುಕೊಟ್ಟ ಮೇಡಂ ಇವರೇ. ಮೂಡುಬಿದಿರೆಯ ನಿವೃತ್ತ ಅಧ್ಯಾಪಕಿ. ನಮ್ಮ ಸಲಹೆಗಾರರು. ತಪ್ಪಿದ್ದರೆ ಇವರೇ ತಿದ್ದಿ ಕೊಡ್ತಾರೆ," ಎಂದ.

ಜನ ಚಪ್ಪಾಳೆ ತಟ್ಟಿದರು.

ನಾನು ಯಾರ ಸಲಹೆಗಾರಳೂ ಅಲ್ಲ, ಈ ಮನುಷ್ಯನನ್ನು ಇವತ್ತೇ ನೋಡಿದ್ದು, ದಯವಿಟ್ಟು ಯಾರೂ ಹಣ ಕೊಡಬೇಡಿ ಎಂದು ಕೂಗಿದೆ. ಮುಂದಿನ ಸಾಲಿನ ಒಬ್ಬರು ತಿರುಗಿ, "ನಿಮಗೆ ಅವರು ಕೊಡುವುದು ಕಡಿಮೆ ಆಯಿತಾ ಟೀಚರ್?" ಎಂದರು. ಕೆಲವರು ನಕ್ಕರು. ಬಾಗಿಲಲ್ಲಿ ಭಾವ ನೆಲ ನೋಡುತ್ತ ನಿಂತಿದ್ದರು.

ಅಲ್ಲಿಂದ ನೇರ ಪೊಲೀಸ್ ಠಾಣೆಗೆ ನಡೆದೆ. ಅಲ್ಲಿನ ಅಧಿಕಾರಿ ತಾಳ್ಮೆಯಿಂದ ಕೇಳಿ, ಎರಡು ಸಲ ಬರೆದುಕೊಂಡು, ಕೊನೆಗೆ ಪೆನ್ನು ಕೆಳಗಿಟ್ಟರು.

"ಬರಹ ನಿಮ್ಮದು ಅಂತ ನೀವೇ ಹೇಳ್ತೀರಿ. ಬಾಗಿಲಲ್ಲಿ ನಿಂತವರು ನಿಮ್ಮ ಭಾವ ಅಂತಲೂ ನೀವೇ ಹೇಳ್ತೀರಿ. ಹಾಗಾದರೆ ನಿಮಗೆ ಇದರಲ್ಲಿ ಎಂತದೂ ಸಂಬಂಧ ಇಲ್ಲ ಅಂತ ನಾನು ಹೇಗೆ ನಂಬುವುದು?"

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ಆಗ ಹಿಂದಿನಿಂದ ಭಾವನ ದನಿ ಕೇಳಿತು. ಅವರು ಯಾವಾಗ ಬಂದರೋ ಗೊತ್ತಾಗಲಿಲ್ಲ.

"ನೋಟ್ಸ್ ಕೊಟ್ಟದ್ದು ನಾನು ಸರ್. ಇವಳಿಗೆ ಎಂತದೂ ಗೊತ್ತಿಲ್ಲ."

ಅವರು ನಿಂತೇ ಹೇಳಿದರು. ಆ ಕೋಟಿನವನು ಆರು ತಿಂಗಳ ಹಿಂದೆ ರಬ್ಬರಿನ ವ್ಯಾಪಾರಿ ಎಂದು ಅಂಗಡಿಗೆ ಬಂದಿದ್ದನಂತೆ. ದರ ಯಾಕೆ ಬೀಳುತ್ತದೆ ಎಂಬ ಮಾತು ಬಂದಾಗ ಭಾವ ನನ್ನ ಬಗ್ಗೆ ಜಂಬ ಕೊಚ್ಚಿಕೊಂಡು, ಅಕ್ಕನ ಕಪಾಟಿನಲ್ಲಿದ್ದ ನನ್ನ ಹಳೆಯ ನೋಟ್ಸ್ ತಂದು ಓದಲು ಕೊಟ್ಟರಂತೆ. ಅವನು ಭಾವನನ್ನು ಈ ತಾಲೂಕಿನ ಸಂಯೋಜಕ ಎಂದು ಕರೆದ. ಒಂದು ಗುರುತಿನ ಚೀಟಿಯನ್ನೂ ಮಾಡಿಸಿಕೊಟ್ಟ. ಭಾವ ತಮ್ಮ ಹಣ ಹಾಕಿದ್ದಲ್ಲದೆ ಐದು ಮನೆಯವರನ್ನು ಸೇರಿಸಿದ್ದರು. ಪತ್ರ ತಂದು ನನಗೆ ತೋರಿಸಿದ್ದು ಪರೀಕ್ಷೆಗೆ. ಅದು ನನ್ನದೇ ಬರಹವೆಂದು ನನಗೆ ಗುರುತು ಸಿಗದಿದ್ದರೆ ಧೈರ್ಯವಾಗಿ ಮುಂದುವರಿಯಬಹುದು ಎಂದು.

"ಗುರುತು ಸಿಕ್ಕಿತಲ್ಲ, ಆಮೇಲಾದರೂ ಯಾಕೆ ಬಿಡ್ಲಿಲ್ಲ?" ಎಂದು ನಾನು ಕೇಳಿದೆ.

"ಐದು ಮನೆಯವರಿಗೆ ಎಂತ ಹೇಳ್ಲಿ?" ಎಂದರು.

ಪೊಲೀಸರು ಹಾಲಿಗೆ ಹೋಗುವಷ್ಟರಲ್ಲಿ ವೇದಿಕೆ ಖಾಲಿ. ಹಾಲ್ ಗೊತ್ತುಮಾಡಿದ ಹೆಸರು ಸುಳ್ಳು, ಫೋನು ಸ್ವಿಚ್ ಆಫ್. ಇಂದಿಗೂ ಅವನು ಸಿಕ್ಕಿಲ್ಲ. ಒಮ್ಮೆ ಬೇರೆ ಜಿಲ್ಲೆಯಿಂದ ಬಂದ ಫೋಟೊ ತೋರಿಸಿದರು. ಭಾವ ಕೂಡಲೇ ಇವನೇ ಎಂದರು. ನನಗೆ ಖಚಿತವಾಗಲಿಲ್ಲ, ಹಾಗೆಯೇ ಬರೆದುಕೊಟ್ಟೆ. ಆ ದಿನ ಹಣ ಕೊಡಬೇಕೆಂದು ಬಂದವರಲ್ಲಿ ಹೆಚ್ಚಿನವರ ಹಣ ಉಳಿಯಿತು. ಅವರಲ್ಲಿ ಕೆಲವರು, ನಾನು ಗಲಾಟೆ ಮಾಡಿದ್ದರಿಂದಲೇ ಪಾಲು ತಪ್ಪಿತು ಎಂದು ಈಗಲೂ ನಂಬಿದ್ದಾರೆ.

ನಾನು ಬೆಳ್ತಂಗಡಿಗೆ ಹೋಗಿ ಆ ಹುಡುಗಿಯ ಕ್ಷಮೆ ಕೇಳಿದೆ. ಕೌಂಟರಿನಿಂದ ಎದ್ದು ಹೊರಗೆ ಬಂದಳು. "ನೀವು ಕೇಳಿದ್ದಕ್ಕೆ ಬೇಜಾರಿಲ್ಲ ಮೇಡಂ. ನನ್ನನ್ನೇ ಮೊದಲು ನೆನೆಸಿದ್ರಲ್ಲ, ಅದಕ್ಕೆ ಬೇಜಾರು," ಎಂದಳು. ನಾವು ಈಗ ಮಾತಾಡುತ್ತೇವೆ, ಆದರೆ ಮೊದಲಿನ ಹಾಗಲ್ಲ.

ಭಾವ ಐದೂ ಮನೆಗಳಿಗೆ ತಾವೇ ಹೋಗಿ ಒಪ್ಪಿಕೊಳ್ಳಬೇಕೆಂದು ಅಕ್ಕ ಹಟ ಹಿಡಿದಳು. ಆ ಮನೆಯವರಿಂದ ಹಾಕಿಸಿದ್ದ ಹಣವನ್ನು ಅವರು ತಮ್ಮ ಕೈಯಿಂದಲೇ ಹಿಂದಿರುಗಿಸಿದರು. ನಾಲ್ಕು ಮನೆಗೆ ಒಬ್ಬರೇ ಹೋದರು. ಐದನೆಯದಕ್ಕೆ ನನ್ನನ್ನು ಕರೆದರು. ಅದು ಮೂಡುಬಿದಿರೆಯಲ್ಲಿ ಬಸದಿಯೊಂದರ ಉಸ್ತುವಾರಿ ನೋಡುವ ಜೈನ ಹಿರಿಯರ ಮನೆ.

ಹಿರಿಯರು ಭಾವ ಹೇಳಿದ್ದನ್ನೆಲ್ಲ ಕೇಳಿದರು. ಕೊಟ್ಟ ಲಕೋಟೆಯನ್ನು ತೆರೆಯದೆ ಪಕ್ಕಕ್ಕಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ತಾಮ್ರದ ಕೊಡದ ಕತೆ ನಾನು ನಂಬಿರ್ಲಿಲ್ಲ. ನಮ್ಮ ಮನೆಯಲ್ಲೂ ಉಂಟು ಅಂಥ ಕೊಡ, ಅದರಲ್ಲಿ ನೀರು ಬಿಟ್ಟರೆ ಎಂತದೂ ಇಲ್ಲ. ಆದರೆ ಆ ಚರಿತ್ರೆ ಓದಿದೆ ನೋಡಿ, ಅದು ಬರೆದವರು ಸುಳ್ಳು ಹೇಳುವವರಲ್ಲ ಅಂತ ಅನಿಸಿತು. ಅದಕ್ಕೆ ಕೊಟ್ಟೆ."

ಅವರು ಬೈದಿದ್ದರೆ ಸುಲಭವಾಗುತ್ತಿತ್ತು. ಅದರಲ್ಲಿದ್ದ ತಪ್ಪನ್ನು ಹೇಳಿದೆ. ಹಾಗಾದರೆ ನಿಜ ಯಾವುದು, ಸರಿಯಾಗಿ ಹೇಳಿ ಎಂದರು. ನಾನು ಕೂತು ಮೊದಲಿನಿಂದ ಹೇಳಿದೆ: ಷೇರುದಾರರ ಕಾಲ, ಕಲ್ಕತ್ತೆಯಿಂದ ಬೊಂಬಾಯಿಗೆ ಹೋದದ್ದು, ಬೇರೆ ಬಣ್ಣದ ನೋಟು, ಚಿನ್ನದ ವಿಮಾನ, ಒಂದು ದೇಶದ ಬಡ್ಡಿ ಇನ್ನೊಂದು ದೇಶದ ಸಂತೆಯನ್ನು ಮುಟ್ಟುವ ಬಗೆ. ಭಾವ ತಲೆ ತಗ್ಗಿಸಿ ಕೇಳುತ್ತಿದ್ದರು. ಮುಗಿಸಿದಾಗ ಹಿರಿಯರು ಕೇಳಿದರು:

"ಇದಕ್ಕೆಲ್ಲ ಆಧಾರ ಉಂಟಾ?"

ಪುಸ್ತಕ ಉಂಟು, ತಂದುಕೊಡುತ್ತೇನೆ ಎಂದೆ. ಮುಂದಿನ ವಾರ ಗ್ರಂಥಾಲಯದಿಂದ ತೆಗೆಸಿ ಒಯ್ದೆ. ಅವರು ಕನ್ನಡಕ ಹಾಕಿಕೊಂಡು, ನಾನು ಗುರುತು ಇಟ್ಟಿದ್ದ ಪುಟವನ್ನು ಬಿಟ್ಟು, ಮೊದಲ ಪುಟದಿಂದ ತಾವೇ ಓದಲು ಶುರುಮಾಡಿದರು.