ಗೋಡೆ ದಾಟಿದ ಕಡ್ಡಿಯ ಕೈ

ಕೊಪ್ಪದ ಆಟಿಕೆ ಅಂಗಡಿಯಲ್ಲಿ ಮಗಳು ಒಂದು ಪ್ಲಾಸ್ಟಿಕ್ ಚೆಂಡನ್ನು ಹಿಡಿದೆಳೆದಳು. ಮೈಯೆಲ್ಲ ಕೀಲುಕಡ್ಡಿಗಳೇ ಇದ್ದ ಚೆಂಡು ಅದು. ಮುಷ್ಟಿಯಷ್ಟಿದ್ದದ್ದು ಕಟಕಟನೆ ಹಿಗ್ಗಿ ಕುಂಬಳಕಾಯಿಯಷ್ಟಾಯಿತು. ಆ ಸದ್ದು ನನ್ನನ್ನು ಹಾರನಹಳ್ಳಿ ಕಡೆಯ ನನ್ನ ಬಾಲ್ಯದ ಹಿತ್ತಲಿಗೆ ಎಳೆದೊಯ್ಯಿತು.

ಮನೆ ಪಾಲಾದ ಮೇಲೆ ಹಿತ್ತಲ ನಡುವೆ ಗೋಡೆ ಎದ್ದಿತ್ತು. ಈಚೆ ಅವ್ವ, ಆಚೆ ಚಿಕ್ಕವ್ವ; ಇಬ್ಬರಿಗೂ ಮಾತಿಲ್ಲ. ಚಿಕ್ಕವ್ವನ ಮಗಳು ಮಂಗಳಾಗೆ ಹುಣಸೆಹಣ್ಣು ದಾಟಿಸಲು ನಾನು ಉದ್ದನೆಯ ಕೈಯೊಂದನ್ನು ಮಾಡುತ್ತಿದ್ದೆ. ಹೊಗೆಸೊಪ್ಪು ಕಟ್ಟುವ ಕಡ್ಡಿಯ ಚೂರುಗಳನ್ನು ಮೂರು ಮೂರಾಗಿ ದಾರದಲ್ಲಿ ಬಿಗಿದೆ. ಅದು ಚಾಚಲೇ ಇಲ್ಲ.

ಪಕ್ಕದಲ್ಲೇ ಸೊಪ್ಪು ಕಟ್ಟುತ್ತಿದ್ದ ಅವ್ವ, ಅಂಟು ಹತ್ತಿ ಕಪ್ಪಾದ ಬೆರಳಲ್ಲೇ ಅದನ್ನು ಕಸಿದುಕೊಂಡಳು.

"ಮೂರು ಕಡ್ಡಿ ಅಲ್ಲಾಡಾಕಿಲ್ಲ ಕಣೆ. ನಾಕು ಕಟ್ಟು. ಗಂಟು ವಸಿ ಸಡ್ಲ ಬುಡು."

ಕತ್ತರಿಯಂತೆ ಒಂದನ್ನೊಂದು ಹಾಯ್ದ ಕಡ್ಡಿಗಳಿಂದ ನಾಲ್ಕು ಬದಿಯ ಚೌಕಗಳು ಸಾಲಾಗಿ ಸೇರಿದವು. ಹಿಂದಿನ ಎರಡು ತುದಿಗಳನ್ನು ಕೂಡಿಸಿ ಒತ್ತಿದರೆ ಸಾಕು, ಕೈ ಸರಸರನೆ ಗೋಡೆ ದಾಟುತ್ತಿತ್ತು. ಹುಣಸೆಹಣ್ಣು ಹೋಯಿತು, ಕಡ್ಲೆಕಾಯಿ ಬಂತು.

ಒಂದು ಸಂಜೆ ಅವ್ವ ತಾನು ಕಟ್ಟಿದ್ದ ಕನಕಾಂಬರದಲ್ಲಿ ಒಂದು ಮೊಳ ಹರಿದು ಕೈಯ ತುದಿಗೆ ಸಿಕ್ಕಿಸಿದಳು. ನಾನು ಚಾಚಿದೆ. ಆಚೆಯಿಂದ ಚಿಕ್ಕವ್ವನ ದನಿ ಕೇಳಿಸಿತು.

"ಯಾರೇ ಊವ ಕಳ್ಸಿದ್ದು?"

ಅವ್ವ ಸೊಪ್ಪಿನಿಂದ ತಲೆಯೆತ್ತಲಿಲ್ಲ. "ನಾನೇ ಕಣೆ. ಮುಡ್ಕೊ."

"ಅಮ್ಮಾ, ಇದು ತಗೊಳ್ಳಾ?" ಅಂಗಡಿಯಲ್ಲಿ ಮಗಳು ನನ್ನ ಸೆರಗು ಜಗ್ಗಿದಳು.

ಹೋದ ಯುಗಾದಿಯಿಂದ ಮಂಗಳಾಗೂ ನನಗೂ ಮಾತಿಲ್ಲ. ಅವಳಿಗೂ ಇಷ್ಟೇ ವಯಸ್ಸಿನ ಮಗಳಿದ್ದಾಳೆ.

"ಎರಡು ಕೊಡಿ," ಎಂದೆ ಅಂಗಡಿಯವನಿಗೆ.